ಅಪ್‌ಡೇಟ್: ಮನಾಲಿಯಿಂದ ಶಿರಸಿಗೆ ವಾಪಸ್ ಬಂದೆವು

ಮಾರ್ಚ್ ಮಧ್ಯದಲ್ಲಿ ಹತ್ತು ದಿನ ರಜೆ ಇದೆ, ಸ್ಕೀಯಿಂಗ್ ಕಲಿಯಬೇಕು, ಬೆಟ್ಟಗಳನ್ನೂ ನೋಡಬೇಕು, ರೂಮ್ ಎಲ್ಲಾ ಮೊದಲೇ ಬುಕ್ ಮಾಡಬೇಕಾ ಅಂತ ಕೇಳಿದ್ದೆನಲ್ಲ. ಮೊದಲ ಎರಡು ರಾತ್ರಿಗೆ ಮಾತ್ರ ಮಾಡಿ, ಉಳಿದದ್ದು ಹವೆ ನೋಡಿಕೊಂಡು ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ನಮ್ಮ ಕೈ ಹಿಡಿಯಿತು.

ಮಡಗಾಂವಿನಿಂದ ಚಂಡೀಗಢಕ್ಕೆ ರೈಲು, ಅಲ್ಲಿಂದ ಬಾಡಿಗೆ ಕಾರು. ಡ್ರೈವರ್ ಸಮೇತ ತಗೊಂಡೆವು. ನಮ್ಮ ಶಿರಸಿ ಕಡೆಯ ದೇವಿಮನೆ ಘಟ್ಟ ಎಷ್ಟು ಸಲ ಇಳಿದಿದ್ದರೂ ಹಿಮದ ರಸ್ತೆ ಬೇರೆಯೇ, ಅಲ್ವಾ.

ಮನಾಲಿ ಹತ್ತಿರ ಸ್ಕೀಯಿಂಗ್ ಕಲಿಸುವ ಜಾಗ ಸೋಲಂಗ್‌ನಲ್ಲಿ ಕೆಳಗಿನ ಇಳಿಜಾರಿನ ಹಿಮ ಕರಗಿ ಅಲ್ಲಲ್ಲಿ ಹುಲ್ಲು ಕಾಣುತ್ತಿತ್ತು. ಬೆಳಗ್ಗೆ ಹನ್ನೊಂದರವರೆಗೆ ಚೆನ್ನಾಗಿತ್ತು, ಬಿಸಿಲು ಏರುತ್ತಿದ್ದ ಹಾಗೆ ಹಿಮ ನೆನೆಸಿದ ಅವಲಕ್ಕಿ ಥರ ಮೆತ್ತಗಾಗಿ ಸ್ಕೀ ಜಾರುವ ಬದಲು ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಕ್ಲಾಸ್ ಬೆಳಗ್ಗೆಯೇ ಇಟ್ಟುಕೊಳ್ಳಿ. ಬೂಟು ಹಿಮ್ಮಡಿ ಮೇಲೇಳದಷ್ಟು ಬಿಗಿ ಇರಬೇಕು. ಸಾಕ್ಸ್ ಒಂದೇ ಜೊತೆ ಸಾಕು, ನಾನು ಎರಡು ಹಾಕಿ ಬೆರಳು ಮರಗಟ್ಟಿತು.

ಮೂರನೇ ದಿನ ಜೋರು ಮಳೆ. ಸುಮ್ನೆ ರೂಮಿನಲ್ಲಿ ಕೂರದೆ ಕೆಳಗೆ ನಗ್ಗರ್‌ಗೆ ಹೋಗಿ ಕಲ್ಲು-ಮರ ಸೇರಿಸಿ ಕಟ್ಟಿದ ಹಳೆಯ ಕೋಟೆ ನೋಡಿದೆವು. ಮರುದಿನ ಆಕಾಶ ತೆರೆಯಿತು. ಬೆಟ್ಟ ದಾಟುವ ರೋಹ್ತಾಂಗ್ ಪಾಸ್ ಆ ಕಾಲಕ್ಕೆ ಮುಚ್ಚಿರುತ್ತದೆ, ಆದರೆ 2020ರಲ್ಲಿ ಸಂಚಾರಕ್ಕೆ ತೆರೆದ ಅಟಲ್ ಸುರಂಗ ಇದೆಯಲ್ಲ, 9 ಕಿ.ಮೀ. ದಾಟಿ ಆಚೆ ಬದಿಯ ಸಿಸ್ಸು ಹಳ್ಳಿ ತಲುಪಿದರೆ ಸುತ್ತಲೂ ಬರೀ ಬಿಳಿ! ನಮ್ಮ ಆಯಿ ಬೊಗಸೆಯಲ್ಲಿ ಹಿಮ ಹಿಡಿದುಕೊಂಡು ಅದು ನೀರಾಗುವವರೆಗೂ ಮಾತಾಡದೆ ನಿಂತಿದ್ದಳು. ಎಲ್ಲಾ ಬುಕ್ ಆಗಿದ್ದರೆ ಆ ದಿನ ನಾವು ಶಿಮ್ಲಾ ದಾರಿಯಲ್ಲಿ ಇರುತ್ತಿದ್ದೆವು.

ಮುಂದಿನ ಸಲ ಫೆಬ್ರವರಿಯಲ್ಲೇ ಹೋಗುತ್ತೇವೆ. ಗುಲ್ಮಾರ್ಗ್‌ಗೆ.