ನಗರ ಪೊಲೀಸರ ಹಳೆಯ .40 ಪಿಸ್ತೂಲುಗಳ ಬದಲಾವಣೆ: ಕಡತದಲ್ಲಿ ಏನೇನು ಇರಬೇಕು?

(ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಖರೀದಿಕಡತ:
ಅಮೆರಿಕದ ಮಧ್ಯಮ ಗಾತ್ರದ ಒಂದು ನಗರ. ಪೊಲೀಸ್ ಇಲಾಖೆಯಲ್ಲಿ 120 ಅಧಿಕಾರಿಗಳು. ಈಗಿರುವುದು ಗ್ಲಾಕ್ 22 ಜೆನ್ 4 (ನಾಲ್ಕನೇ ತಲೆಮಾರಿನ ಮಾದರಿ), .40 ಕ್ಯಾಲಿಬರ್ (ಗುಂಡಿನ ಅಳತೆ), ಹದಿಮೂರು ವರ್ಷ ಹಳೆಯವು. 9 ಎಂಎಂಗೆ ಹೋಗಬೇಕು, ಮೇಲೆ ರೆಡ್ ಡಾಟ್ ಸೈಟ್ (ಗಾಜಿನಲ್ಲಿ ಚುಕ್ಕಿ ತೋರಿಸಿ ಗುರಿ ಹಿಡಿಸುವ ಸಾಧನ) ಬೇಕು ಅಂತ ಇಲಾಖೆ ಕೇಳಿದೆ. ಖರೀದಿ ವಿಭಾಗಕ್ಕೆ ಬಂದ ಬೇಡಿಕೆ ಪತ್ರದಲ್ಲಿ ಇರುವುದು ಒಂದೇ ಸಾಲು: "ಪಿಸ್ತೂಲು 120, ಹಳೆಯವನ್ನು ಕೊಟ್ಟು ವ್ಯತ್ಯಾಸದ ಹಣ ಪಾವತಿ." ಸಿಟಿ ಕೌನ್ಸಿಲ್ ಮುಂದೆ ಹೋಗುವ ಮೊದಲು ತಿಳಿಯಬೇಕಾದ್ದು: ಸಂಖ್ಯೆ ಸರಿ ಇದೆಯೇ? ಟೆಂಡರ್ ಕರೆಯಲೇಬೇಕೇ? ಹಳೆಯವುಗಳ ವಿನಿಮಯವನ್ನು ಲೆಕ್ಕದಲ್ಲಿ ಹೇಗೆ ತೋರಿಸಬೇಕು?

ದರಪಟ್ಟಿ:
120 ಸಾಲದು. ಗುಂಡು ಹಾರಿಸಿದ ಪ್ರಕರಣವಾದರೆ ಆ ಪಿಸ್ತೂಲು ಸಾಕ್ಷ್ಯವಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೈಗೆ ಸಿಗುವುದಿಲ್ಲ. ರಿಪೇರಿಗೆ ಹೋದವು ಬೇರೆ, ಹೊಸ ನೇಮಕಾತಿ ಬೇರೆ. ಶೇ. 10 ಹೆಚ್ಚುವರಿ ಇಟ್ಟುಕೊಳ್ಳಿ, ತರಬೇತಿಗೆ 4 ಸೇರಿಸಿ: 136. ಪ್ರತಿ ಪಿಸ್ತೂಲಿಗೆ 3 ಮ್ಯಾಗಜೀನ್ (ಗುಂಡು ತುಂಬುವ ಕೋಶ) ಅಂದರೆ 408. ಮ್ಯಾಗಜೀನ್ ಸವೆಯುವ ವಸ್ತು, ತರಬೇತಿಯಲ್ಲಿ ಕಾಂಕ್ರೀಟ್ ಮೇಲೆ ಬಿದ್ದು ಗುಂಡು ಹಿಡಿದಿಡುವ ಮೇಲಿನ ಅಂಚು ಒಡೆಯುತ್ತದೆ. 450 ಬರೆಯಿರಿ.

ಟೆಂಡರ್ ಬಗ್ಗೆ: ಕಂಪನಿಗಳು ಪೊಲೀಸ್ ಮಾರಾಟವನ್ನು ಪ್ರದೇಶವಾರು ಅಧಿಕೃತ ವಿತರಕರಿಗೆ ಹಂಚಿರುತ್ತವೆ. ಮಾದರಿಯ ಹೆಸರು ಹೇಳಿ ಟೆಂಡರ್ ಕರೆದರೆ ಬರುವುದು ಬೆರಳೆಣಿಕೆಯ ದರಗಳು. ಅದಕ್ಕಿಂತ ರಾಜ್ಯದ ಒಪ್ಪಂದವನ್ನೋ ಸಹಕಾರಿ ಖರೀದಿ ಒಪ್ಪಂದವನ್ನೋ ಬಳಸುವುದು ಬೇಗ ಆಗುತ್ತದೆ. ಆದರೆ ಎರಡು ವಿಷಯ ನೋಡಲೇಬೇಕು. ಆ ಒಪ್ಪಂದದಲ್ಲಿ ಬೇರೆ ಸರ್ಕಾರಿ ಸಂಸ್ಥೆಗಳು ಬಳಸಲು ಅವಕಾಶ ಕೊಡುವ ಷರತ್ತು ಇರಬೇಕು. ನಿಮಗೆ ಬೇಕಾದ ಮಾದರಿ ಸಂಖ್ಯೆಯೇ ಅದರ ದರಪಟ್ಟಿಯಲ್ಲಿರಬೇಕು. ಪಿಸ್ತೂಲು ಪಟ್ಟಿಯಲ್ಲಿದ್ದು ರೆಡ್ ಡಾಟ್ ಇಲ್ಲದಿದ್ದರೆ ಆ ಭಾಗಕ್ಕೆ ಪ್ರತ್ಯೇಕ ದರ ಕರೆಯಬೇಕಾಗುತ್ತದೆ.

ತೆರಿಗೆ: ಪಿಸ್ತೂಲಿನ ಮೇಲೆ ಶೇ. 10, ಗುಂಡುಗಳ ಮೇಲೆ ಶೇ. 11 ಫೆಡರಲ್ ಅಬಕಾರಿ ಸುಂಕವಿದೆ. ನಗರ ತನ್ನ ಸ್ವಂತ ಬಳಕೆಗೆ ಕೊಂಡರೆ ಇದರಿಂದ ವಿನಾಯಿತಿ. ಖರೀದಿ ಆದೇಶದ ಜೊತೆಗೇ ವಿನಾಯಿತಿ ಪ್ರಮಾಣಪತ್ರ ಕಳುಹಿಸಿ. ದರಪತ್ರಗಳನ್ನು ಹೋಲಿಸುವಾಗ ಒಬ್ಬರದು ಸುಂಕ ಸೇರಿಸಿದ್ದು, ಇನ್ನೊಬ್ಬರದು ಬಿಟ್ಟಿದ್ದು ಆಗಿರುತ್ತದೆ, ಅದನ್ನು ಮೊದಲು ಸರಿಮಾಡಿಕೊಳ್ಳಿ.

ವಿನಿಮಯದ ಲೆಕ್ಕದಲ್ಲೇ ಆಡಿಟ್ ಆಕ್ಷೇಪ ಬರುವುದು. "ವ್ಯತ್ಯಾಸದ ಹಣ" ಅಂತ ಒಂದೇ ಮೊತ್ತ ಬರೆದರೆ ನಗರದ ಆಸ್ತಿ ಎಷ್ಟಕ್ಕೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಮೊದಲು ಹಳೆಯವನ್ನು ಹೆಚ್ಚುವರಿ ಆಸ್ತಿ ಎಂದು ಘೋಷಿಸುವ ಠರಾವು, ಅದಕ್ಕೆ ಸೀರಿಯಲ್ ನಂಬರ್‌ಗಳ ಪಟ್ಟಿ ಲಗತ್ತು. ಆಮೇಲೆ ಖರೀದಿ ಆದೇಶದಲ್ಲಿ ಹೊಸದರ ಪೂರ್ತಿ ಬೆಲೆ ಒಂದು ಸಾಲು, ಹಳೆಯದರ ಕ್ರೆಡಿಟ್ ಇನ್ನೊಂದು ಸಾಲು. ಕೌನ್ಸಿಲ್ ಒಪ್ಪಿಗೆ ಬೇಕೋ ಬೇಡವೋ ಎಂಬ ಮಿತಿಯನ್ನು ಪೂರ್ತಿ ಬೆಲೆಯ ಮೇಲೆಯೇ ನೋಡಿ. ಕ್ರೆಡಿಟ್ ಕಳೆದ ಮೊತ್ತ ಮಿತಿಯ ಕೆಳಗಿದೆ ಅಂತ ಕೌನ್ಸಿಲ್ ತಪ್ಪಿಸಿದ ಕಡತ ಮುಂದೆ ತೊಂದರೆ ಕೊಡುತ್ತದೆ.

ಸ್ಪ್ರಿಂಗ್‌ಪಿನ್:
ಆರ್ಮರರ್ (ಇಲಾಖೆಯ ಬಂದೂಕು ತಪಾಸಣೆ, ರಿಪೇರಿ ಮಾಡುವವ) ಕಡೆಯಿಂದ ಸೇರಿಸುತ್ತೇನೆ. ಬದಲಾವಣೆ ಬೇಕು ಅನ್ನುವುದಕ್ಕೆ ಕೌನ್ಸಿಲ್‌ಗೆ ವಯಸ್ಸು ಮಾತ್ರ ಹೇಳಬೇಡಿ. ನೈಟ್ ಸೈಟ್‌ನಲ್ಲಿ (ಕತ್ತಲಲ್ಲಿ ಹೊಳೆಯುವ ಸೈಟ್) ಬೆಳಕು ಕೊಡುವ ವಿಕಿರಣಶೀಲ ಟ್ರಿಟಿಯಂ 12.3 ವರ್ಷಕ್ಕೆ ಅರ್ಧವಾಗುತ್ತದೆ. ಹದಿಮೂರು ವರ್ಷದ ಸೈಟ್ ಅರ್ಧಕ್ಕಿಂತ ಮಂಕು. .40 ಗುಂಡಿಗೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಬರುವ ವೇಗ ಹೆಚ್ಚು, ಹಾಗಾಗಿ ಆ ಹೊಡೆತ ತಾಳುವ ರಿಕಾಯ್ಲ್ ಸ್ಪ್ರಿಂಗ್, ಲಾಕಿಂಗ್ ಬ್ಲಾಕ್ ಪಿನ್ ಬೇಗ ಸವೆಯುತ್ತವೆ. ಪ್ರತಿ ಪಿಸ್ತೂಲಿನ ತಪಾಸಣೆ ಹಾಳೆ ಲಗತ್ತಿಸಿದರೆ ವಾದ ತಾನಾಗಿ ನಿಲ್ಲುತ್ತದೆ. ಕ್ಯಾಲಿಬರ್ ಬಗ್ಗೆ ಕೇಳಿದರೆ: ಎಫ್‌ಬಿಐ 2016ರಲ್ಲೇ ಗ್ಲಾಕ್ 9 ಎಂಎಂಗೆ ಗುತ್ತಿಗೆ ಕೊಟ್ಟಿತು. ಬ್ಯಾಲಿಸ್ಟಿಕ್ ಜೆಲ್‌ನಲ್ಲಿ (ಗುಂಡು ಪರೀಕ್ಷಿಸುವ ಜೆಲಾಟಿನ್) 12ರಿಂದ 18 ಇಂಚು ಒಳಹೋಗಬೇಕು ಎಂಬ ಅವರ ಮಾನದಂಡವನ್ನು ಇಂದಿನ ಒಳ್ಳೆಯ 9 ಎಂಎಂ ಗುಂಡುಗಳು ಮುಟ್ಟುತ್ತವೆ.

ದೊಡ್ಡ ಖರ್ಚು ಪಿಸ್ತೂಲಲ್ಲ, ಅದಕ್ಕೆ ತಗುಲಿಕೊಂಡಿರುವುದು. ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟುವ ಪಿಸ್ತೂಲು ಚೀಲ) ಪಿಸ್ತೂಲಿಗೆ ಮಾತ್ರ ಹೊಂದಿದರೆ ಆಗದು. ಪಿಸ್ತೂಲಿಗೆ ಕೂರಿಸುವುದು ಯಾವ ಲೈಟ್, ಯಾವ ರೆಡ್ ಡಾಟ್ ಎಂಬುದರ ಮೇಲೆ ಹೋಲ್‌ಸ್ಟರ್ ಬದಲಾಗುತ್ತದೆ. ಟಿಎಲ್‌ಆರ್-1 ಎಂಬ ಮಾದರಿಯ ಲೈಟ್‌ಗೆ ಮಾಡಿದ್ದರಲ್ಲಿ ಟಿಎಲ್‌ಆರ್-7 ಮಾದರಿ ಸರಿಯಾಗಿ ಕೂರುವುದಿಲ್ಲ. ಮೂರನ್ನೂ ಜೋಡಿಸಿದ ಒಂದು ನಮೂನೆ ತರಿಸಿ, ಎಡಗೈಯವರಿಗೂ ಒಂದು, ತೆಗೆದು ಹಾಕಿ ನೋಡಿ, ಆಮೇಲೆ ಪೂರ್ತಿ ಆರ್ಡರ್ ಮಾಡಿ. ಎಡಗೈ ಹೋಲ್‌ಸ್ಟರ್ ತಡವಾಗಿ ಬರುವುದು ಸಾಮಾನ್ಯ.

ರೆಡ್ ಡಾಟ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿ. ಎಂಒಎಸ್ ಸ್ಲೈಡ್‌ನ (ರೆಡ್ ಡಾಟ್ ಕೂರಿಸಲು ಕಾರ್ಖಾನೆಯಲ್ಲೇ ಜಾಗ ಕೊರೆದ ಗ್ಲಾಕ್ ಸ್ಲೈಡ್) ಬಲಗಡೆಯ ಸ್ಕ್ರೂ ಒಂದಿಷ್ಟು ಉದ್ದವಾದರೂ ಕೆಳಗಿನ ಎಕ್ಸ್‌ಟ್ರಾಕ್ಟರ್ ಪ್ಲಂಜರ್‌ಗೆ (ಖಾಲಿ ಕೇಸನ್ನು ಎಳೆಯುವ ಕೊಕ್ಕೆಯ ಹಿಂದಿನ ಕಡ್ಡಿ) ಒತ್ತುತ್ತದೆ. ಆಗ ಖಾಲಿ ಕೇಸು ಸರಿಯಾಗಿ ಹೊರಬರದು, ಎಲ್ಲರೂ ಗುಂಡನ್ನು ಬೈಯುತ್ತಾರೆ. ಸ್ಕ್ರೂ ಬಿಗಿಸಿದ ಮೇಲೆ ಸ್ಲೈಡ್ ಬಿಚ್ಚಿ ಪ್ಲಂಜರ್ ಸಲೀಸಾಗಿ ಓಡಾಡುತ್ತದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ. ಎಣ್ಣೆ ಒರೆಸಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ತಯಾರಕರು ಹೇಳಿದಷ್ಟೇ ಬಲದಲ್ಲಿ (ಟಾರ್ಕ್) ಬಿಗಿಸಿ, ಸ್ಕ್ರೂ ಮೇಲಿಂದ ಸೈಟ್ ಮೇಲಕ್ಕೆ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ಸಡಿಲವಾಗಿದೆ ಎಂದು ಅಧಿಕಾರಿಗೇ ತಿಳಿಯುತ್ತದೆ. ಕಬ್ಬಿಣದ ಸೈಟ್‌ಗಳೂ (ಸ್ಲೈಡ್ ಮೇಲೆ ಇದ್ದೇ ಇರುವ, ಬ್ಯಾಟರಿ ಬೇಡದ ಸೈಟ್) ಎತ್ತರದವೇ ಬೇಕು, ಮಾಮೂಲಿ ಎತ್ತರದವು ರೆಡ್ ಡಾಟ್‌ನ ಗಾಜಿನಲ್ಲಿ ಕಾಣುವುದಿಲ್ಲ.

ಗುಂಡಿನ ಲೆಕ್ಕ: ಹಳೆಯ ಮ್ಯಾಗಜೀನ್‌ಗೆ 15. ಮೂರು ಮ್ಯಾಗಜೀನ್ ಮತ್ತು ಚೇಂಬರ್‌ನಲ್ಲಿ (ಬ್ಯಾರೆಲ್‌ನ ಹಿಂಬದಿ) ಒಂದು, 46. 50ರ ಒಂದು ಪೆಟ್ಟಿಗೆ ಸಾಕಾಗುತ್ತಿತ್ತು. ಹೊಸದಕ್ಕೆ 17, ಅಂದರೆ 52, ಒಂದು ಪೆಟ್ಟಿಗೆ ಸಾಲದು. ಡ್ಯೂಟಿ ಗುಂಡು 120 ಜನರಿಗೆ 6,240. ಇದಲ್ಲದೆ ಪ್ರತಿ ಪಿಸ್ತೂಲಿನಲ್ಲೂ ಡ್ಯೂಟಿ ಗುಂಡನ್ನೇ ಹಾರಿಸಿ ನೋಡಲು ಒಂದೊಂದು ಪೆಟ್ಟಿಗೆ ಇಡಿ. ಅಭ್ಯಾಸಕ್ಕೆ ತಲಾ 500 ಎಂದರೂ 60,000. ರೆಡ್ ಡಾಟ್‌ಗೆ ಹೊಸಬರು ಚುಕ್ಕಿ ಹುಡುಕುತ್ತಾ ಹೊತ್ತು ಕಳೆಯುತ್ತಾರೆ, ತರಬೇತಿಯಲ್ಲಿ ಜಿಪುಣತನ ಬೇಡ.

ಖರೀದಿಕಡತ:
ಇಬ್ಬರಿಗೂ ಧನ್ಯವಾದ. ಹಂತ ಹಂತವಾಗಿ, ಎರಡು ಬಜೆಟ್ ವರ್ಷದಲ್ಲಿ ಕೊಂಡರೆ? ಹಳೆಯವು ಮತ್ತೆ ಮಾರುಕಟ್ಟೆಗೆ ಹೋಗುವುದರ ಬಗ್ಗೆಯೂ ಕೌನ್ಸಿಲ್ ಸದಸ್ಯರೊಬ್ಬರ ತಕರಾರಿದೆ.

ಸ್ಪ್ರಿಂಗ್‌ಪಿನ್:
ಎರಡು ಕ್ಯಾಲಿಬರ್ ಒಂದೇ ಪಾಳಿಯಲ್ಲಿ ಬೇಡವೇ ಬೇಡ. .40 ಮ್ಯಾಗಜೀನ್ ಹೊರಗಿನ ಅಳತೆಯಲ್ಲಿ 9 ಎಂಎಂನದರಂತೆಯೇ ಇದೆ, ಹೊಸ ಪಿಸ್ತೂಲಿಗೆ ಏರಿಬಿಡುತ್ತದೆ. ಆದರೆ ಗುಂಡು ಬ್ಯಾರೆಲ್‌ಗೆ ಹೋಗದೆ ಸಿಕ್ಕಿಕೊಳ್ಳುತ್ತದೆ. ಹಣ ಎರಡು ವರ್ಷಕ್ಕೆ ಹಂಚಲೇಬೇಕಾದರೆ ಮೊದಲ ವರ್ಷ ಪಿಸ್ತೂಲು, ಹೋಲ್‌ಸ್ಟರ್, ಲೈಟ್ ಎಲ್ಲರಿಗೂ, ರೆಡ್ ಡಾಟ್ ಎರಡನೇ ವರ್ಷ. ಹೋಲ್‌ಸ್ಟರ್ ಮಾತ್ರ ಈಗಲೇ ರೆಡ್ ಡಾಟ್‌ಗೆ ಹೊಂದುವಂಥದ್ದು ಕೊಳ್ಳಿ. ಅದಲುಬದಲಿನ ದಿನ ಪಿಸ್ತೂಲು, ಮೂರು ಮ್ಯಾಗಜೀನ್, ಉಳಿದ .40 ಗುಂಡು ಎಲ್ಲವನ್ನೂ ಒಟ್ಟಿಗೆ ವಾಪಸು ಪಡೆಯಿರಿ, ಲಾಕರ್‌ನಲ್ಲಿ ಒಂದೂ ಉಳಿಯಬಾರದು.

ಹಳೆದಾಸ್ತಾನು:
ತಕರಾರು ನ್ಯಾಯವಾದದ್ದೇ. 2006ರಿಂದ ಈಚೆಗೆ ಅಪರಾಧ ಸ್ಥಳಗಳಲ್ಲಿ ಸಿಕ್ಕ ಬಂದೂಕುಗಳಲ್ಲಿ 52,000ಕ್ಕೂ ಹೆಚ್ಚು ಹಿಂದೆ ಪೊಲೀಸರದಾಗಿದ್ದವು ಎಂದು ಪತ್ರಕರ್ತರು ಎಟಿಎಫ್ (ಬಂದೂಕುಗಳ ಜಾಡು ಹಿಡಿಯುವ ಫೆಡರಲ್ ಸಂಸ್ಥೆ) ಮಾಹಿತಿಯಿಂದ ಬಯಲಿಗೆಳೆದಿದ್ದಾರೆ. ವಿನಿಮಯಕ್ಕೆ ಕೊಟ್ಟರೆ ಕ್ರೆಡಿಟ್ ಸಿಗುತ್ತದೆ, ಆದರೆ ವಿತರಕ ಮುಂದೆ ಯಾರಿಗೆ ಮಾರಬೇಕು ಎಂಬುದು ನೀವು ಷರತ್ತು ಹಾಕಿದರೆ ಮಾತ್ರ ನಿಮ್ಮ ಕೈಯಲ್ಲಿ. ದರ ಕರೆಯುವಾಗಲೇ ಎರಡು ಬೆಲೆ ಕೇಳಿ: ವಿನಿಮಯ ಸಹಿತ, ವಿನಿಮಯ ರಹಿತ. ಆಗ ನಾಶಪಡಿಸುವ ನಿರ್ಧಾರಕ್ಕೆ ಎಷ್ಟು ಹಣ ಬಿಟ್ಟಂತಾಗುತ್ತದೆ ಎಂದು ಕೌನ್ಸಿಲ್ ಅಂಕಿ ನೋಡಿ ತೀರ್ಮಾನಿಸಬಹುದು.

ನಾಶಕ್ಕೆ ಹೊರಗಿನವರಿಗೆ ಒಪ್ಪಿಸಿದರೆ "ಇಡೀ ಪಿಸ್ತೂಲು, ಬಿಡಿಭಾಗ ಸಹಿತ" ಎಂದೇ ಬರೆಯಬೇಕು. ಕಾನೂನಿನ ದೃಷ್ಟಿಯಲ್ಲಿ ಫ್ರೇಮ್ (ಹಿಡಿ ಇರುವ ಕೆಳಭಾಗ) ಮಾತ್ರವೇ ಬಂದೂಕು. ಅದನ್ನು ಮಾತ್ರ ಪುಡಿಮಾಡಿ ಸ್ಲೈಡ್, ಬ್ಯಾರೆಲ್ ಮಾರುವ ಕಂಪನಿಗಳಿವೆ.

ಇದೇ ಕಡತಕ್ಕೆ ರೈಫಲ್ ಸೇರಿಸುವ ಯೋಚನೆ ಇದ್ದರೆ ಒಂದು ಎಚ್ಚರ: 1033 ಯೋಜನೆಯಲ್ಲಿ (ಸೇನೆಯ ಹೆಚ್ಚುವರಿ ಸಾಮಗ್ರಿಯನ್ನು ಪೊಲೀಸರಿಗೆ ಕೊಡುವ ಫೆಡರಲ್ ಯೋಜನೆ) ಬಂದ ಎಂ16 ರೈಫಲ್‌ಗಳು ನಗರದ ಸ್ವತ್ತಲ್ಲ, ರಕ್ಷಣಾ ಇಲಾಖೆಯದು. ವಿನಿಮಯ ಪಟ್ಟಿಗೆ ಅವು ಸೇರಬಾರದು. ಆದ್ದರಿಂದ ಸೀರಿಯಲ್ ನಂಬರ್‌ಗಳನ್ನು ಹಳೆಯ ಕಂಪ್ಯೂಟರ್ ಪಟ್ಟಿಯಿಂದ ನಕಲು ಮಾಡಬೇಡಿ. ಇಬ್ಬರು ಕೂತು, ಒಬ್ಬರು ಫ್ರೇಮ್ ನೋಡಿ ಓದಬೇಕು, ಇನ್ನೊಬ್ಬರು ಬರೆಯಬೇಕು. ಗ್ಲಾಕ್‌ನಲ್ಲಿ ನಂಬರ್ ಫ್ರೇಮ್, ಸ್ಲೈಡ್, ಬ್ಯಾರೆಲ್ ಮೂರರ ಮೇಲೂ ಇರುತ್ತದೆ. ಸ್ವಚ್ಛ ಮಾಡುವಾಗ ಸ್ಲೈಡ್ ಅದಲುಬದಲಾಗಿದ್ದರೆ ಮೇಲಿನದನ್ನಷ್ಟೇ ಓದಿದ ಪಟ್ಟಿ ತಪ್ಪಾಗುತ್ತದೆ. ಪಟ್ಟಿ ತಾಳೆಯಾದ ಮೇಲೆಯೇ ಹೆಚ್ಚುವರಿ ಆಸ್ತಿಯ ಠರಾವಿಗೆ ಲಗತ್ತಿಸಿ. ಒಪ್ಪಂದದಲ್ಲಿ ಹಳೆಯವನ್ನು ಒಪ್ಪಿಸುವ ಗಡುವು ಹೊಸದು ಬಂದ 90 ದಿನದ ನಂತರ ಎಂದಿರಲಿ, ಕೊನೆಯ ತಂಡದ ತರಬೇತಿ ಮುಗಿಯುವವರೆಗೂ ಅವು ಬೇಕಾಗುತ್ತವೆ.