ಗ್ಯಾಸ್ ಎರಡು ಸಲ ಹಾಕಿಸಿದರೂ ಮಧ್ಯಾಹ್ನ ಎಸಿ ತಂಪಾಗುತ್ತಿಲ್ಲ, ರಾತ್ರಿ ಮಾತ್ರ ಸರಿ

ತೋಟದ ಸೊಸೆ:

ನಮ್ಮದು ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಸ್ವಲ್ಪ ಮುಂದೆ, ತೋಟದ ಮನೆ. ಮಲೆನಾಡಲ್ಲಿ ಎಸಿ ಯಾಕೆ ಅಂತ ನಗುವವರು ಈಗಲೇ ನಕ್ಕುಬಿಡಿ, ನಮ್ಮ ನೆಂಟರೆಲ್ಲ ನಕ್ಕು ಮುಗಿಸಿದ್ದಾರೆ. ಹಳೇ ಹೆಂಚಿನ ಮನೆ ಈಗಲೂ ತಣ್ಣಗೇ ಇದೆ. ಅದಕ್ಕೆ ಆಮೇಲೆ ಸೇರಿಸಿದ ತಾರಸಿ ರೂಮಿದೆಯಲ್ಲ, ಏಪ್ರಿಲ್ ಬಂತೆಂದರೆ ಅದು ಅಡಿಕೆ ಬೇಯಿಸುವ ಒಲೆ ಪಕ್ಕ ಕೂತ ಹಾಗೆ. ಮಾವನಿಗೆ ಮಂಡಿ ಆಪರೇಷನ್ ಆದಮೇಲೆ ಬಚ್ಚಲು ಹತ್ತಿರ ಅಂತ ಆ ರೂಮು ಕೊಟ್ಟಿದ್ದು. ಎಸಿ ಹಾಕಿಸಿದ್ದೂ ಅವರಿಗೇ.

1.5 ಟನ್ ಇನ್ವರ್ಟರ್ ಸ್ಪ್ಲಿಟ್, ಆರ್-32 ಗ್ಯಾಸ್. ರೂಮು 12 ಅಡಿಗೆ 13 ಅಡಿ. ಎರಡು ಬೇಸಿಗೆ ಚೆನ್ನಾಗಿ ನಡೆಯಿತು. ಈ ಮಾರ್ಚ್‌ನಿಂದ ರಗಳೆ ಶುರು. ಬೆಳಿಗ್ಗೆ ತೊಂದರೆ ಇಲ್ಲ. ಹನ್ನೆರಡು ಗಂಟೆ ದಾಟಿದರೆ ಬರೀ ಗಾಳಿ ಬರುತ್ತೆ, ತಂಪಿಲ್ಲ. 18ಕ್ಕೆ ಇಟ್ಟರೂ ಅಷ್ಟೇ. ರಾತ್ರಿ ಒಂಬತ್ತರ ಮೇಲೆ ಮತ್ತೆ ಕಂಬಳಿ ಹೊದೆಯುವಷ್ಟು ಚಳಿ.

ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ನಾನೇ ತೊಳೆಯುತ್ತೇನೆ. ರಿಪೇರಿಯವರು ಎರಡು ಸಲ ಬಂದರು. ಎರಡು ಸಲವೂ ಒತ್ತಡ ಅಳೆಯೋ ಗೇಜ್ ಹಚ್ಚಿ, "ಗ್ಯಾಸ್ ಕಡಿಮೆ ಇದೆ" ಅಂದು ತುಂಬಿಸಿ, 2,500ರಂತೆ 5,000 ತಗೊಂಡು ಹೋದರು. ಎರಡನೇ ಸಲ ಆದಮೇಲೆ ಇನ್ನೂ ಕೆಟ್ಟಿದೆ ಅನ್ನಿಸುತ್ತಿದೆ. ಔಟ್‌ಡೋರ್ ಯೂನಿಟ್ ಪಶ್ಚಿಮದ ಗೋಡೆಗಿದೆ. ಎರಚಲು ಹೊಡೆಯುತ್ತೆ ಅಂತ ಕಳೆದ ಜೂನ್‌ನಲ್ಲಿ ಮಾವನೇ ನಿಂತು ಅದರ ಸುತ್ತ ತಗಡಿನ ಶೀಟ್ ಹೊಡೆಸಿ ಭದ್ರ ಮಾಡಿಸಿದ್ದಾರೆ. ಹಾಗಾಗಿ ಮಳೆ ನೀರು ಹೋಗಿ ಕೆಟ್ಟಿರೋಕೆ ಸಾಧ್ಯವಿಲ್ಲ. ಇನ್ನೇನು ನೋಡಬೇಕು?

ಕೊಡಚಾದ್ರಿ ಕಡೆಯವ:

ವೋಲ್ಟೇಜ್ ನೋಡಿದ್ರಾ? ಹೊಸನಗರದಲ್ಲಿ ನಮ್ಮ ಮನೆಯದು ಇದೇ ಕಥೆ. ಹಗಲು ತೋಟದ ಪಂಪ್‌ಸೆಟ್ ಎಲ್ಲಾ ಒಟ್ಟಿಗೆ ಶುರುವಾದರೆ 165ಕ್ಕೆ ಇಳಿಯುತ್ತೆ. ಎಸಿ ಸುಮ್ನೆ ಫ್ಯಾನ್ ಥರ ತಿರುಗುತ್ತೆ.

ನಗರವಾಸಿ:

ಎಸಿಗೆ ವರ್ಷಕ್ಕೊಂದು ಸಲ ಗ್ಯಾಸ್ ಹಾಕಿಸಲೇಬೇಕು. ಕಾರಿಗೆ ಆಯಿಲ್ ಬದಲಾಯಿಸಲ್ವಾ ಹಾಗೆ. ಒಳ್ಳೆ ಕಂಪನಿ ಗ್ಯಾಸ್ ಹಾಕಿಸಿ.

ತೋಟದ ಸೊಸೆ:

ವೋಲ್ಟೇಜ್ ಸ್ಟೆಬಿಲೈಸರ್‌ನಲ್ಲೇ ಕಾಣುತ್ತೆ. ಇವತ್ತು ಎರಡು ಗಂಟೆಗೆ 214 ಇತ್ತು. ಅದಲ್ಲ.

ಗೇಜು ಪಾನಾ:

ಅಕ್ಕಾ, ನಾನು ಭದ್ರಾವತಿಯಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಮೊದಲು ಒಂದು ಮಾತು. ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ, ಖರ್ಚಾಗಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ಕಡಿಮೆ ಆಯ್ತು ಅಂದ್ರೆ ಎಲ್ಲೋ ಲೀಕ್ ಇದೆ ಅಂತ. ಲೀಕ್ ಹುಡುಕದೆ ತುಂಬಿಸೋದು ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ. ಪೈಪ್ ಸೇರೋ ನಟ್ಟಿನ ಹತ್ತಿರ ಎಣ್ಣೆ ಜಿಡ್ಡು ಇದೆಯಾ ನೋಡಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬರುತ್ತಾ ನೋಡಿ.

ಆದರೆ ನಿಮ್ಮದು ಲೀಕ್ ಅನ್ನಿಸಲ್ಲ. ಗ್ಯಾಸ್ ನಿಜವಾಗಿ ಕಡಿಮೆ ಇದ್ದರೆ ರಾತ್ರಿ ಕಂಬಳಿ ಬೇಕಾಗುತ್ತಿರಲಿಲ್ಲ. ಒಳಗಿನ ಕಾಯಿಲ್ ಮೇಲೆ ಒಂದು ಕಡೆ ಮಂಜು ಕಟ್ಟೋದೂ ಕಾಣ್ತಿತ್ತು.

ನನಗೆ ಅನುಮಾನ ಆ ಶೀಟಿನ ಮೇಲೆ. ಔಟ್‌ಡೋರ್ ಯೂನಿಟ್ ಹಿಂದಿನಿಂದ, ಪಕ್ಕದಿಂದ ಗಾಳಿ ಎಳೆದು ಮುಂದಕ್ಕೆ ಬಿಡುತ್ತೆ. ರೂಮಿನ ಬಿಸಿಯನ್ನೆಲ್ಲ ಹೊತ್ತು ಹೊರಗೆ ಹಾಕೋದೇ ಅದರ ಕೆಲಸ. ಮುಂದೆ ಶೀಟ್ ಇದ್ದರೆ ಬಿಟ್ಟ ಬಿಸಿ ಗಾಳಿ ಅಲ್ಲಿಗೆ ಬಡಿದು, ತಿರುಗಿ ಹಿಂದಿನಿಂದ ಒಳಗೇ ಹೋಗುತ್ತೆ. ರಾತ್ರಿ ಹೊರಗಡೆ ತಂಪು, ಹೇಗೋ ನಡೆಯುತ್ತೆ. ಮಧ್ಯಾಹ್ನ ಪಶ್ಚಿಮದ ಬಿಸಿಲು ಬೇರೆ ಶೀಟ್ ಕಾಯಿಸುತ್ತೆ. ತುಂಬಾ ಬಿಸಿಯಾದರೆ ಇನ್ವರ್ಟರ್ ಎಸಿ ತನ್ನನ್ನು ಉಳಿಸಿಕೊಳ್ಳೋಕೆ ಕಂಪ್ರೆಸರ್ ಸ್ಪೀಡ್ ತಾನೇ ಇಳಿಸಿಕೊಳ್ಳುತ್ತೆ. ನಿಮಗೆ ಆಗ ಬರೀ ಗಾಳಿ.

ಒಂದು ಕೆಲಸ ಮಾಡಿ. ಎರಡು ಗಂಟೆಗೆ 18ಕ್ಕಿಟ್ಟು, ಫ್ಯಾನ್ ಜೋರು ಮಾಡಿ, ಇಪ್ಪತ್ತು ನಿಮಿಷ ಬಿಡಿ. ಇಂಡೋರ್ ಯೂನಿಟ್ ಮೇಲೆ ಗಾಳಿ ಒಳಗೆ ಹೋಗುವಲ್ಲಿ ಎಷ್ಟು ಡಿಗ್ರಿ, ಹೊರಗೆ ಬರುವಲ್ಲಿ ಎಷ್ಟು, ಅಳೆಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಆಮೇಲೆ ಶೀಟಿಗೂ ಔಟ್‌ಡೋರ್‌ಗೂ ಮಧ್ಯೆ ಥರ್ಮಾಮೀಟರ್ ಇಳಿಬಿಡಿ. ಫ್ಯಾನಿನ ಜಾಲರಿಗೆ ಕೈ ತಾಗಿಸಬೇಡಿ.

ಇನ್ನೊಂದು, ಗ್ಯಾಸ್ ಹಾಕಿದವರು ತೂಕದ ಯಂತ್ರ ತಂದಿದ್ದರಾ?

ತೋಟದ ಸೊಸೆ:

ತೂಕದ ಯಂತ್ರವಾ? ಇಲ್ಲ ಅಣ್ಣ. ಸಿಲಿಂಡರ್ ತಲೆಕೆಳಗೆ ಹಿಡಿದು, ಗೇಜ್ ನೋಡಿ, "ಸಾಕು" ಅಂದರು.

ಮಗಳು ಕೇಕ್ ಮಾಡೋಕೆ ತರಿಸಿದ ಥರ್ಮಾಮೀಟರ್ ಇತ್ತು, ಅದರಲ್ಲೇ ಅಳೆದೆ. ಒಳಗೆ ಹೋಗುವ ಗಾಳಿ 31, ಬರುವ ಗಾಳಿ 25. ಆರೇ ಡಿಗ್ರಿ. ನೆರಳಲ್ಲಿ 36 ಇತ್ತು. ಅದನ್ನೇ ಕೋಲಿಗೆ ಕಟ್ಟಿ ಶೀಟಿನ ಸಂದಿಗೆ ಇಳಿಬಿಟ್ಟೆ. 49! ನನಗೇ ನಂಬಿಕೆ ಬರದೆ ಇನ್ನೊಂದು ಸಲ ಬಿಟ್ಟೆ. ಅಷ್ಟೇ ಇತ್ತು.

ಈಗ ಸಮಸ್ಯೆ ಎಸಿಯದ್ದಲ್ಲ. ಈ ಶೀಟ್ ತೆಗೆಸಿ ಅಂತ ಮಾವನಿಗೆ ಹೇಳೋದು ಹೇಗೆ? ಅವರೇ ನಿಂತು ಹೊಡೆಸಿದ್ದು. ಬಂದವರಿಗೆಲ್ಲ ತೋರಿಸಿ ಹೆಮ್ಮೆ ಪಟ್ಟಿದ್ದಾರೆ.

ಕೊಡಚಾದ್ರಿ ಕಡೆಯವ:

ಥರ್ಮಾಮೀಟರ್ ಅವರ ಕೈಗೇ ಕೊಟ್ಟು "ನೀವೇ ಒಮ್ಮೆ ನೋಡಿ ಮಾವ, ನನಗೆ ಸರಿ ಕಾಣ್ತಿಲ್ಲ" ಅನ್ನಿ. ನೀವಾಗಿ ಏನೂ ಹೇಳಬೇಡಿ. ನಮ್ಮಪ್ಪನ ಹತ್ತಿರ ನಾನು ಹಾಗೇ ಮಾಡೋದು.

ಗೇಜು ಪಾನಾ:

49ರಲ್ಲಿ ಯಾವ ಎಸಿಯೂ ಸುಖವಾಗಿರಲ್ಲ ಅಕ್ಕಾ.

ಗ್ಯಾಸ್ ಜಾಸ್ತಿಯಾಗಿರೋ ಅನುಮಾನವೂ ಇದೆ. ಇನ್ವರ್ಟರ್‌ನಲ್ಲಿ ಕಂಪ್ರೆಸರ್ ಸ್ಪೀಡ್ ಬದಲಾಗ್ತಾ ಇರುತ್ತೆ, ಗೇಜ್ ಕೂಡ ಜೊತೆಗೆ ಕುಣಿಯುತ್ತೆ. ಸ್ಪೀಡ್ ಒಂದೇ ಸಮ ನಿಲ್ಲಿಸೋ ಟೆಸ್ಟ್ ಮೋಡಿಗೆ ಹಾಕದೆ ಗೇಜ್ ಓದಿ ತುಂಬಿಸಿದರೆ ಅದು ಬರೀ ಅಂದಾಜು. ಜಾಸ್ತಿಯಾದರೆ ಒತ್ತಡ ಏರುತ್ತೆ, ಬಿಸಿಲಲ್ಲಿ ಇನ್ನೂ ಕೆಡುತ್ತೆ. ಔಟ್‌ಡೋರ್ ಪಕ್ಕದ ಪ್ಲೇಟಿನ ಮೇಲೆ ಎಷ್ಟು ಗ್ರಾಂ ಅಂತ ಬರೆದಿರುತ್ತೆ. ಇರೋ ಗ್ಯಾಸನ್ನೆಲ್ಲ ಹೊರಗೆ ತೆಗೆದು ಸಿಲಿಂಡರಿಗೆ ಹಿಡಿದು, ವ್ಯಾಕ್ಯೂಮ್ ಪಂಪಲ್ಲಿ ಪೈಪಿನ ಗಾಳಿ, ತೇವ ಎಳೆದು, ಅಷ್ಟೇ ತೂಗಿ ತುಂಬಿಸಬೇಕು. ಅಡಿಕೆ ಮಾರುವಾಗ ತೂಕ ಬಿಟ್ಟು ಅಂದಾಜಲ್ಲಿ ಕೊಡ್ತೀರಾ? ಇದೂ ಹಾಗೇ. ಆರ್-32ಗೆ ಬೆಂಕಿ ತಗಲುವ ಗುಣವೂ ಇದೆ, ಮನೆಯಲ್ಲಿ ನೀವೇ ಕೈ ಹಾಕಬೇಡಿ.

ಶೀಟ್ ತೆಗೆದಮೇಲೆ ಎಂಸಿಬಿ ಆಫ್ ಮಾಡಿ, ಹಿಂದಿನ ಫಿನ್‌ಗಳನ್ನು, ಅಂದ್ರೆ ತೆಳು ಅಲ್ಯೂಮಿನಿಯಂ ಪಟ್ಟಿಗಳನ್ನು, ಸಾದಾ ಪೈಪ್ ನೀರಲ್ಲಿ ನಿಧಾನ ತೊಳೆಯಿರಿ. ಔಷಧಿ ಹೊಡೆಯೋ ಪಂಪ್ ಮಾತ್ರ ಬೇಡ, ದಮ್ಮಯ್ಯ. ಅದರ ರಭಸಕ್ಕೆ ಫಿನ್ ಮಡಚುತ್ತೆ. ಟ್ಯಾಂಕಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಉಳಿದಿದ್ದರೆ ಅದರಲ್ಲಿರೋ ಮೈಲುತುತ್ತ ಅಲ್ಯೂಮಿನಿಯಂ ತಿನ್ನುತ್ತೆ. ಸಾಗರದ ಒಬ್ಬರ ಮನೆಯಲ್ಲಿ ಕೊಳೆ ಔಷಧಿ ಹೊಡೆದು ಬಂದು ಅದೇ ಪಂಪಲ್ಲಿ ಎಸಿ ತೊಳೆದಿದ್ದರು. ಆರು ತಿಂಗಳಿಗೆ ಫಿನ್ ಎಲ್ಲ ಪುಡಿಪುಡಿ.

ತೋಟದ ಸೊಸೆ:

ಹತ್ತು ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ.

ಥರ್ಮಾಮೀಟರ್ ಮಾವನ ಕೈಗೇ ಕೊಟ್ಟೆ. ಕನ್ನಡಕ ತರಿಸಿಕೊಂಡು ನೋಡಿದರು. ಐದು ನಿಮಿಷ ಮಾತಿಲ್ಲ. ಆಮೇಲೆ, "ಶೀಟ್ ಹೊಡೆದವನು ಸಂದಿ ಬಿಡಬೇಕಿತ್ತು, ದಡ್ಡ" ಅಂದರು. ನಾನು "ಹೌದು ಮಾವ" ಅಂದೆ. ಅವತ್ತೇ ಸಂಜೆ ಮೂರೂ ಶೀಟ್ ಬಿಚ್ಚಿಸಿದರು. ಹಿಂದೆ ನೋಡಿದರೆ ಫಿನ್ ಮೇಲೆ ಅಡಿಕೆ ಸಿಪ್ಪೆಯ ಧೂಳು ಕಂಬಳಿ ಥರ ಕೂತಿತ್ತು. ಸುಲಿಯೋ ಮೆಷಿನ್ ಇರೋದು ಅದೇ ಅಂಗಳದಲ್ಲಿ. ತೊಳೆದ ನೀರು ಚಹಾ ಬಣ್ಣ. ಮಾರನೇ ದಿನ ಮಧ್ಯಾಹ್ನ ಅಳೆದರೆ 30ಕ್ಕೆ 21, ಒಂಬತ್ತು ಡಿಗ್ರಿ.

ಆಮೇಲೆ ಶಿವಮೊಗ್ಗದಿಂದ ಬೇರೆಯವರನ್ನು ಕರೆಸಿ, ತೂಕದ ಯಂತ್ರ ತಂದರೆ ಮಾತ್ರ ಬನ್ನಿ ಅಂದೆ. ಪ್ಲೇಟಿನ ಮೇಲೆ 720 ಗ್ರಾಂ ಅಂತಿತ್ತು. ಹೊರಗೆ ತೆಗೆದದ್ದು 930! ಲೀಕ್ ಎಲ್ಲೂ ಇಲ್ಲ. 720 ತೂಗಿ ತುಂಬಿಸಿದರು. ಈಗ ಹನ್ನೆರಡು ಡಿಗ್ರಿ ವ್ಯತ್ಯಾಸ ಬರ್ತಿದೆ. ಮಾವ 26ಕ್ಕೆ ಇಟ್ಟುಕೊಂಡು ನಿದ್ದೆ ಮಾಡ್ತಾರೆ.

ಒಂದೇ ಪ್ರಶ್ನೆ ಉಳಿದಿದೆ. ಜೂನ್‌ನಲ್ಲಿ ಎರಚಲು ಹೊಡೆದರೆ?

ಗೇಜು ಪಾನಾ:

ಹೊಡೆಯಲಿ ಬಿಡಿ ಅಕ್ಕಾ, ಔಟ್‌ಡೋರ್ ಮಾಡಿರೋದೇ ಮಳೆಯಲ್ಲಿ ನಿಲ್ಲೋಕೆ. ತಳದ ನೀರು ಹೋಗೋ ತೂತು ಕಟ್ಟದ ಹಾಗೆ ನೋಡಿಕೊಳ್ಳಿ. ಸರ್ಕ್ಯೂಟ್ ಬೋರ್ಡಿನ ಡಬ್ಬಿಯೊಳಗೆ ಇರುವೆ, ಹಲ್ಲಿ ಸೇರದ ಹಾಗೆ ಮುಚ್ಚಳ ಬಿಗಿಯಾಗಿರಲಿ. ಮನಸ್ಸು ಕೇಳದಿದ್ದರೆ ಒಂದೂವರೆ ಅಡಿ ಮೇಲೆ ಸಣ್ಣ ಸಜ್ಜ ಮಾಡಿಸಿ. ಮುಂದೆ, ಪಕ್ಕ ಏನೂ ಬೇಡ.

ತೋಟದ ಸೊಸೆ:

ಮಾವನಿಗೆ ಓದಿ ಹೇಳಿದೆ. ಸಜ್ಜ ಬೇಕೇ ಬೇಕಂತೆ, ಆದರೆ ಈ ಸಲ ಟೇಪ್ ಹಿಡಿದು ಅವರೇ ಅಳೆಯುತ್ತಾರಂತೆ. ಬಿಚ್ಚಿದ ಶೀಟ್ ಈಗ ಕೋಳಿಗೂಡಿನ ಮೇಲಿದೆ.