ಕಾರಿನ ಎಸಿ ಸೋರುತ್ತಿದೆಯೋ, ಕಟ್ಟಿದೆಯೋ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ಐದಾರು ಪದಗಳು ಬಾಲದ ಹಾಗೆ ಹಿಂದೆ ಬಂದವು. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಕಾರು ಓಡಿಸುವವರು ತಾವೇ ಓದಿ ತಿಳಿದುಕೊಳ್ಳುವಂಥ ಒಂದು ಪುಟ್ಟ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಎಸಿಯ ನೀರು ಕಾರಿನೊಳಗೆ ಬಂದು ಕಾಲಡಿಯ ಮ್ಯಾಟು ಒದ್ದೆಯಾಗುವ ತೊಂದರೆಗೆ ಒಂದು ಅಧ್ಯಾಯ. ತಲೆಬರಹಕ್ಕೆ ಸಲೀಸಾಗಿ 'ಎಸಿ ಸೋರಿಕೆ' ಅಂತ ಹಾಕಿದ್ದೆ. ಹಾಕಿದ ಮೇಲೆ, ಇದೇ ಪದ ಹಿಂದೊಮ್ಮೆ ನನ್ನ ದಾರಿ ತಪ್ಪಿಸಿದ್ದು ನೆನಪಾಯಿತು.

ನನ್ನ ಕಾರಿನಲ್ಲೇ ಆದದ್ದು. ಪಕ್ಕದ ಸೀಟಿನ ಮುಂದಿನ ಮ್ಯಾಟು ದಿನಾ ಒದ್ದೆ. ಗ್ಯಾರೇಜಿಗೆ ಹೋಗಿ 'ಎಸಿ ಲೀಕ್ ಆಗ್ತಿದೆ' ಅಂದೆ. ಅಲ್ಲಿದ್ದ ಹುಡುಗ ಬಾನೆಟ್ ಎತ್ತಿ, ಗೇಜು ಹಾಕಿ ನೋಡಿದ. 'ಗ್ಯಾಸ್ ಸರಿಯಾಗಿದೆ ಸಾರ್, ಲೀಕ್ ಏನೂ ಇಲ್ಲ' ಅಂದ. ಅವನು ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದೂ ಸುಳ್ಳಲ್ಲ. ಮ್ಯಾಟು ಮಾತ್ರ ಮರುದಿನವೂ ಒದ್ದೆ. ಆಮೇಲೆ ಇನ್ನೊಂದು ಕಡೆ, ವಯಸ್ಸಾದ ಮೆಕ್ಯಾನಿಕ್ ಒಬ್ಬರು ನನ್ನ ಮಾತು ಮುಗಿಯುವ ಮೊದಲೇ ಕೇಳಿದರು: 'ಕಾರಿನ ಕೆಳಗೆ ನೀರು ಬೀಳ್ತಾ ಇದ್ಯಾ?' ಯೋಚಿಸಿ ನೋಡಿದೆ. ಮೊದಲೆಲ್ಲ ಎಸಿ ಹಾಕಿಕೊಂಡು ನಿಂತರೆ ಕೆಳಗೆ ನೀರಿನ ಕಲೆ ಇರುತ್ತಿತ್ತು. ಈಚೆಗೆ ಕಂಡಿರಲೇ ಇಲ್ಲ. 'ಇಲ್ಲ' ಅಂದೆ. 'ಹಾಗಾದ್ರೆ ಅದು ಲೀಕ್ ಅಲ್ಲ ಸಾರ್, ಬ್ಲಾಕ್' ಅಂದರು.

ಬಿಂದಿಗೆ ಸೋರುತ್ತದೆ, ಟ್ಯಾಂಕು ಸೋರುತ್ತದೆ, ಮನೆ ಸೋರುತ್ತದೆ. ಸೋರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಒಂದು ತೂತೋ ಬಿರುಕೋ ಬರುತ್ತದೆ. ಕೈ ತಾನಾಗಿ ಅದನ್ನು ಮುಚ್ಚಲು ಹೋಗುತ್ತದೆ. ಎಸಿಯ ಕಥೆ ತಿರುಗುಮುರುಗು. ಅಲ್ಲಿ ಒಂದು ತೂತು ಇರಲೇಬೇಕು, ನೀರು ಅದರಿಂದ ಹೊರಗೆ ಹೋಗುತ್ತಲೇ ಇರಬೇಕು. ಆ ತೂತು ಮುಚ್ಚಿಹೋದಾಗ ನೀರು ಒಳಗೆ ಬರುತ್ತದೆ. ಈ ವ್ಯತ್ಯಾಸ ಮೂಗಿನ ವಿಷಯದಲ್ಲಿ ನಮಗೆ ಚೆನ್ನಾಗಿ ಗೊತ್ತು. 'ಮೂಗು ಸೋರುತ್ತಿದೆ' ಬೇರೆ, 'ಮೂಗು ಕಟ್ಟಿದೆ' ಬೇರೆ. ಎಸಿಯ ಮೂಗು ಸದಾ ಸೋರುತ್ತಿದ್ದರೇ ಆರೋಗ್ಯ. ಕಟ್ಟಿದರೆ ಕಾಯಿಲೆ. ನಾನು ಕಟ್ಟಿದ ಮೂಗನ್ನು ಸೋರುವ ಮೂಗು ಅಂತ ಹೇಳಿ ಔಷಧ ಕೇಳಿದ್ದೆ.

'ಎಸಿ ಸೋರುತ್ತಿದೆ' ಅನ್ನುವುದರಲ್ಲಿ ಇನ್ನೊಂದು ತೊಡಕಿದೆ. ಸೋರು ಕ್ರಿಯಾಪದಕ್ಕೆ ಪಾತ್ರೆಯೂ ಕರ್ತೃ ಆಗಬಹುದು, ಒಳಗಿರುವ ವಸ್ತುವೂ ಆಗಬಹುದು. ಬಿಂದಿಗೆ ಸೋರಿತು ಅಂದರೂ ನೀರು ಸೋರಿತು ಅಂದರೂ ಸರಿ. ಬಿಂದಿಗೆಯಲ್ಲಿ ಇರುವುದು ನೀರೊಂದೇ, ಹಾಗಾಗಿ ಗೊಂದಲವಿಲ್ಲ. ಎಸಿಯಲ್ಲಿ ಹರಿಯುವುದು ಎರಡು: ಕೊಳವೆಗಳ ಒಳಗೆ ತಂಪು ಮಾಡುವ ಗ್ಯಾಸು, ಹೊರಗೆ ನೀರು. ರಿಪೇರಿ ಮಾಡುವವರ ಕಿವಿಗೆ 'ಎಸಿ ಲೀಕ್' ಅಂದರೆ ಗ್ಯಾಸೇ. ತಮಾಷೆ ಅಂದರೆ, ಗ್ಯಾಸ್ ಸೋರಿದರೆ ಮ್ಯಾಟು ಒದ್ದೆಯಾಗುವುದೇ ಇಲ್ಲ. ಬಹಳ ಕಾರುಗಳಲ್ಲಿರುವ ಆರ್-134ಎ ಅನ್ನುವ ಗ್ಯಾಸು ಹೊರಗಿನ ಗಾಳಿಯ ಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುತ್ತದೆ. ಸೋರಿದ ಜಾಗದಲ್ಲಿ ಹೆಚ್ಚೆಂದರೆ ಕಂಪ್ರೆಸರ್ ಎಣ್ಣೆಯ ಜಿಡ್ಡು ಉಳಿದೀತು, ನೀರಲ್ಲ.

ಹಾಗಾದರೆ ನೀರು ಎಲ್ಲಿಂದ ಬಂತು? ಗಾಳಿಯಿಂದ. ತಣ್ಣೀರು ತುಂಬಿದ ಚೊಂಬು ಬೆವರುತ್ತದಲ್ಲ, ಅದೇ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. ಅದೇ ಗಾಳಿ 5 ಡಿಗ್ರಿಗೆ ಇಳಿದರೆ 7 ಗ್ರಾಂ ಕೂಡ ಹಿಡಿಸುವುದಿಲ್ಲ. ಉಳಿದದ್ದು ಹನಿಯಾಗಿ, ಡ್ಯಾಶ್‌ಬೋರ್ಡಿನ ಹಿಂದೆ ಇರುವ ತಣ್ಣನೆಯ ಕಾಯಿಲ್ ಮೇಲೆ ಕೂರುತ್ತದೆ. ಅಲ್ಲಿಂದ ಕೆಳಗಿನ ತಟ್ಟೆಗೆ ಇಳಿದು, ಒಂದು ರಬ್ಬರ್ ಕೊಳವೆಯ ಮೂಲಕ ರಸ್ತೆಗೆ ಬೀಳುತ್ತದೆ.

ಆ ಕಾಯಿಲ್‌ಗೆ ಕನ್ನಡದಲ್ಲಿ ಏನನ್ನೋಣ? ಇವಾಪೊರೇಟರ್ ಅನ್ನುವುದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಬಾಷ್ಪೀಕಾರಕ ಅಂತಾಗುತ್ತದೆ. ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಇನ್ನೊಂದು ಕಾಯಿಲ್, ಕಂಡೆನ್ಸರ್, ಸಾಂದ್ರೀಕಾರಕವಾಗುತ್ತದೆ. ಈಗ ಓದುಗರ ಜಾಗದಲ್ಲಿ ಕೂತು ನೋಡಿ. ನೀರನ್ನು ಆವಿ ಮಾಡುವುದು ಬಾಷ್ಪೀಕಾರಕ, ಆವಿಯನ್ನು ನೀರು ಮಾಡುವುದು ಸಾಂದ್ರೀಕಾರಕ ಅಂತಲೇ ಅಲ್ವಾ ಯಾರಾದರೂ ತಿಳಿಯುವುದು? ಆದರೆ ನೀರು ಬರುವುದು ಬಾಷ್ಪೀಕಾರಕದ ಮೈಮೇಲೆ! ರೇಡಿಯೇಟರ್ ಮುಂದೆ ಕೂತಿರುವ ಸಾಂದ್ರೀಕಾರಕ ಬಿಸಿಯಾಗಿರುತ್ತದೆ, ಅಲ್ಲಿ ಒಂದು ಹನಿಯೂ ಹುಟ್ಟುವುದಿಲ್ಲ. ಎರಡೂ ಹೆಸರು ಬಂದದ್ದು ಒಳಗಿನ ಗ್ಯಾಸು ಏನಾಗುತ್ತದೆ (ಒಂದರಲ್ಲಿ ಆವಿ, ಇನ್ನೊಂದರಲ್ಲಿ ದ್ರವ) ಅನ್ನುವುದರಿಂದ, ಹೊರಗಿನ ಗಾಳಿಗೆ ಏನಾಗುತ್ತದೆ ಅನ್ನುವುದರಿಂದಲ್ಲ. ಅನುವಾದ ತಪ್ಪಿಲ್ಲ, ಆದರೂ ಓದುವವರು ತಪ್ಪು ಕಡೆ ಹುಡುಕುತ್ತಾರೆ. ಗ್ಯಾರೇಜಿನವರು ಅದನ್ನು 'ಕೂಲಿಂಗ್ ಕಾಯಿಲ್' ಅನ್ನುತ್ತಾರೆ. ನಾನು ಅದನ್ನೇ ಇಟ್ಟುಕೊಳ್ಳುತ್ತಿದ್ದೇನೆ. ಇಂಥ ಕಡೆ ಗ್ಯಾರೇಜಿನ ಭಾಷೆ ಪಠ್ಯಪುಸ್ತಕಕ್ಕಿಂತ ಜಾಣ ಅಂತ ನನಗನಿಸುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಮುಳ್ಳು, 'ಘನೀಕರಣ'. ಆವಿ ನೀರಾಗುವುದಕ್ಕೂ ಈ ಪದ ಬಳಸುವುದನ್ನು ನೋಡಿದ್ದೇನೆ, ನೀರು ಗಟ್ಟಿಯಾಗುವುದಕ್ಕೂ ನೋಡಿದ್ದೇನೆ. ಬೇರೆ ಬರಹದಲ್ಲಿ ಹೇಗೋ ನಡೆದೀತು, ಇಲ್ಲಿ ನಡೆಯುವುದಿಲ್ಲ. ಕಾಯಿಲ್ ಮೇಲೆ ಹನಿ ಕೂರುವುದು ಸಹಜ, ಐಸ್ ಕಟ್ಟುವುದು ರೋಗ. ಕ್ಯಾಬಿನ್ ಫಿಲ್ಟರ್‌ನಲ್ಲಿ ಧೂಳು ತುಂಬಿ ಗಾಳಿ ಸಾಲದೆ ಹೋದರೆ, ಅಥವಾ ಗ್ಯಾಸು ಕಡಿಮೆಯಾದರೆ, ಕಾಯಿಲ್ ಮೇಲೆ ಐಸ್ ಬೆಳೆಯುತ್ತದೆ. ಎಸಿ ಆರಿಸಿದ ಮೇಲೆ ಅದೆಲ್ಲ ಒಟ್ಟಿಗೆ ಕರಗಿ, ತಟ್ಟೆ ಹಿಡಿಯಲಾರದೆ ನೀರು ಒಳಗೆ ಚೆಲ್ಲುತ್ತದೆ. (ಹಾಗಾಗಿ ಗೇಜು ಹಾಕಿ ನೋಡಿದ ಆ ಹುಡುಗ ಪೂರ್ತಿ ದಡ್ಡನೇನಲ್ಲ.) 'ಮಂಜು' ಕೂಡ ಇದೇ ಜಾತಿ. 'ಗಾಜಿಗೆ ಮಂಜು ಹಿಡಿದಿದೆ' ಅಂದರೆ ಮಬ್ಬು. 'ಕಾಯಿಲ್‌ಗೆ ಮಂಜು ಹಿಡಿದಿದೆ' ಅಂದರೆ ಮಬ್ಬೋ, ಇಬ್ಬನಿಯೋ, ಗಡ್ಡೆಯೋ? ನಾನು 'ಹನಿ ಕಟ್ಟುವುದು', 'ಐಸ್ ಕಟ್ಟುವುದು' ಅಂತ ಬೇರೆ ಮಾಡಿಕೊಂಡಿದ್ದೇನೆ.

'ಶೀತಕ' ಪದವನ್ನು ಪೂರ್ತಿ ಕೈಬಿಟ್ಟೆ. ಎಸಿ ಗ್ಯಾಸಿಗೂ ಅದೇ, ಇಂಜಿನ್ ತಂಪು ಮಾಡುವ ಕೂಲೆಂಟ್‌ಗೂ ಅದೇ. ಹೀಟರ್‌ನ ಕಾಯಿಲ್ ತೂತಾಗಿ ಕೂಲೆಂಟ್ ಮ್ಯಾಟಿಗೆ ಇಳಿಯುವುದೂ ಉಂಟು. ಅದು ನಿಜವಾದ ಸೋರಿಕೆ. ಬಣ್ಣ ಇರುತ್ತದೆ, ಮುಟ್ಟಿದರೆ ಜಿಡ್ಡು ಜಿಡ್ಡು, ವಾಸನೆ ಸಿಹಿಸಿಹಿ. ಎಸಿಯ ನೀರಿಗೆ ಬಣ್ಣವೂ ಇಲ್ಲ, ಜಿಡ್ಡೂ ಇಲ್ಲ. ಎಸಿ ಹಾಕದೆ ಇದ್ದಾಗಲೂ, ಮಳೆ ಬಂದಾಗ ಮಾತ್ರ ಒದ್ದೆಯಾದರೆ ಅದು ಗಾಜಿನ ಅಂಚಿನಿಂದಲೋ ಬಾಗಿಲಿನ ರಬ್ಬರಿನಿಂದಲೋ ಬಂದದ್ದು. ಅದಕ್ಕೆ 'ಸೋರು' ಧಾರಾಳವಾಗಿ ಹೇಳಬಹುದು.

ಇನ್ನು ಆ ರಬ್ಬರ್ ಕೊಳವೆ. ಡ್ರೈನ್ ಪೈಪ್ ಅಂತ ಎಲ್ಲರೂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಬಸಿ ಅನ್ನುವ ಒಳ್ಳೆಯ ಪದ ನಮ್ಮಲ್ಲಿದೆಯಲ್ಲ? ಹೊಲದಲ್ಲಿ ನಿಂತ ನೀರನ್ನು ಹೊರಗೆ ಹಾಕುವುದು ಬಸಿಗಾಲುವೆ. ಹಾಗೆಯೇ ಇದು 'ಬಸಿಕೊಳವೆ' ಆಗಬಾರದೇ? ಸೋರುವುದು ಬೇಡದ್ದು, ಬಸಿಯುವುದು ಬೇಕಾದದ್ದು. 'ನೀರು ಬಸಿಯುತ್ತಿಲ್ಲ' ಅಂದರೆ ರೋಗವೂ ಗೊತ್ತಾಯಿತು, ಮದ್ದೂ ಗೊತ್ತಾಯಿತು. ಒಸರು, ಜಿನುಗು ಎರಡನ್ನೂ ತೂಗಿ ನೋಡಿದೆ. ಒಸರುವುದು ಬಂಡೆಯ ಸಂದಿಯಿಂದ, ಜಿನುಗುವುದು ಗೋಡೆಯಿಂದ. ಎರಡರಲ್ಲೂ ನೀರು ಮೆಲ್ಲಗೆ ತನ್ನ ದಾರಿ ಮಾಡಿಕೊಂಡು ಬರುತ್ತದೆ. ಇಲ್ಲಿ ನೀರಿಗೆ ದಾರಿ ಮೊದಲೇ ಮಾಡಿಟ್ಟಿದೆ, ಅದು ಮುಚ್ಚಿದೆ. ತೊಟ್ಟಿಕ್ಕು ಮಾತ್ರ ಬೇಕು, ಕಾರಿನ ಕೆಳಗೆ ಸರಿಯಾಗಿ ಬೀಳುವ ನೀರಿಗೆ.

ಕೊಳವೆಯ ಕಟ್ಟು ಬಿಡಿಸುವ ಭಾಗ ಬರೆಯುವಾಗಲೂ ಕ್ರಿಯಾಪದಗಳೇ ಕಾಡಿದವು. ಬಹಳ ಕಾರುಗಳಲ್ಲಿ ಆ ಕೊಳವೆಯ ಬಾಯಿ ಚಾಲಕನ ಪಕ್ಕದ ಸೀಟಿನ ಕಡೆ, ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನಿಂದ ಹೊರಗೆ ಚಾಚಿರುತ್ತದೆ. ಒಳಗೆ ಧೂಳು, ಎಲೆಚೂರು, ಲೋಳೆ ಸೇರಿ ಕೆಸರಾಗಿರುತ್ತದೆ. ಮೊದಲು ಬೆರಳಿನಿಂದ ಹಿಸುಕಿ ನೋಡುವುದು. ನನ್ನ ಕಾರಿನಲ್ಲಿ ಅಷ್ಟಕ್ಕೇ ಒಂದು ಮುದ್ದೆ ಕೆಸರು ಬಿತ್ತು, ಹಿಂದೆಯೇ ನೀರು ಭಡಭಡ ಸುರಿಯಿತು. ಕಾರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್‌ರ ತೋಳು ಪೂರ್ತಿ ನೆನೆಯಿತು. ಹಿಸುಕಿದರೂ ಕೆಸರು ಬರದಿದ್ದರೆ ಮೊಂಡು ತುದಿಯ ಮೆತ್ತನೆಯ ತಂತಿಯನ್ನು 'ತೂರಿಸಿ' ಅಂತ ಬರೆದಿದ್ದೇನೆ. ಮೊದಲ ಕರಡಿನಲ್ಲಿ 'ಚುಚ್ಚಿ' ಅಂತಿತ್ತು. ನಿಜವಾಗಿ ಚುಚ್ಚಿದರೆ ಮೇಲಿರುವ ಕೂಲಿಂಗ್ ಕಾಯಿಲ್ ತೂತಾಗಿ, ಆಗ 'ಎಸಿ ಲೀಕ್' ಅನ್ನುವುದು ಅಕ್ಷರಶಃ ನಿಜವಾಗುತ್ತದೆ! ಗಾಳಿ ಹೊಡೆಯುವುದಾದರೂ ಮೆಲ್ಲಗೆ 'ಊದಬೇಕು'. ಜೋರು ಮಾಡಿದರೆ ಕೊಳವೆ ಒಳಗಿನ ಜೋಡಣೆಯಿಂದ ಕಳಚಿಕೊಳ್ಳಬಹುದು. ಕಳಚಿದ ಕೊಳವೆ, ಬಿರುಕು ಬಿಟ್ಟ ತಟ್ಟೆ ಇವಕ್ಕೆ ಸೋರು ಪದ ಒಪ್ಪುತ್ತದೆ, ಒಪ್ಪಿಕೊಳ್ಳುತ್ತೇನೆ.

ಒಣಗಿಸುವುದರಲ್ಲೂ ಎಚ್ಚರ ಬೇಕು. ಮ್ಯಾಟು ಒಣಗಿದರೆ ಸಾಲದು. ಅದರ ಕೆಳಗಿನ ಕಾರ್ಪೆಟ್ಟು, ಅದರಡಿಯ ಸ್ಪಂಜು ಮೇಲೆ ಒಣಗಿದಂತೆ ಕಂಡರೂ ಒಳಗೆ ಪಸೆ ಇರುತ್ತದೆ. ಒದ್ದೆ ಕಣ್ಣಿಗೆ ಕಾಣುತ್ತದೆ, ಪಸೆ ಕೈಗೆ ಮಾತ್ರ ಗೊತ್ತಾಗುತ್ತದೆ. ಹಾಗೇ ಬಿಟ್ಟರೆ ಮುಗ್ಗಲು ವಾಸನೆ, ಬೂಷ್ಟು, ಕೊನೆಗೆ ತಗಡಿಗೆ ತುಕ್ಕು.

ಒಂದು ಅಡ್ಡಮಾತು. ವಿಷ ಕಾರು, ಬೆಂಕಿ ಕಾರು ಅನ್ನುವಾಗ ಬರುವ 'ಕಾರು' ನೆನಪಾಗಿ 'ಕಾರು ನೀರು ಕಾರುತ್ತಿದೆ' ಅಂತ ತಲೆಬರಹ ಇಡೋಣ ಅನಿಸಿತ್ತು. ತೆಲುಗಿನಲ್ಲಿ ನೀರು ಸೋರುವುದಕ್ಕೂ ಕಾರು ಅಂತಲೇ ಹೇಳುತ್ತಾರೆ. ಮಲಯಾಳದಲ್ಲಿ ನಮ್ಮ ಸೋರುವಿನ ನೆಂಟ 'ಚೋರು' ಇದೆ. ಸುಮ್ನೆ ಹೇಳಿದೆ, ಕೈಪಿಡಿಯಲ್ಲಿ ಇಡುವುದಿಲ್ಲ.

ಈಗ ಕೇಳಬೇಕಾದದ್ದು. ತಟ್ಟೆ ತುಂಬಿ ನೀರು ಒಳಗೆ ಚೆಲ್ಲುವುದಕ್ಕೆ ಒಂದು ಹೆಸರು ಬೇಕು. ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಬರುವುದರಿಂದ 'ತುಳುಕು' ನನಗೆ ಇಷ್ಟ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ ನಿಜ, ಈ ತಟ್ಟೆ ತುಂಬಿದಾಗಲೇ ತುಳುಕುವುದು. ಆದರೆ 'ಎಸಿ ತುಳುಕು' ತಲೆಬರಹದಂತೆ ಕೇಳುವುದಿಲ್ಲ. 'ಎಸಿ ನೀರು ಕಟ್ಟಿದಾಗ' ಅಂದರೆ ಗದ್ದೆಗೆ ನೀರು ಕಟ್ಟುವುದು ನೆನಪಾಗುತ್ತದೆ, ಇಲ್ಲವೇ ಮೂತ್ರ ಕಟ್ಟಿದಾಗ ನೋಡುವ ವೈದ್ಯರು. ಸದ್ಯಕ್ಕೆ 'ಎಸಿ ನೀರು ಬಸಿಯದಿದ್ದಾಗ' ಅಂತ ಬರೆದುಕೊಂಡಿದ್ದೇನೆ. ಬಸಿ ಪದ ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆಯೇ? ನಿಮ್ಮ ಕಡೆ ಅದನ್ನು ಪಾತ್ರೆ, ಹೊಲ ಬಿಟ್ಟು ಬೇರೆ ಕಡೆ ಬಳಸುತ್ತಾರೆಯೇ? ಗ್ಯಾರೇಜಿನಲ್ಲಿ ಇದಕ್ಕೆ ಅಚ್ಚ ಮಾತು ಯಾವುದಾದರೂ ಕೇಳಿದ್ದರೆ ಅದನ್ನೂ ತಿಳಿಸಿ, ಎಷ್ಟೇ ಒರಟಾಗಿದ್ದರೂ ಪರವಾಗಿಲ್ಲ.